ನಲವತ್ತೊಂದನೆಯ ಸಾಲು

ಮೇಜರ್ ಪ್ರಾಣಿಶಾಸ್ತ್ರ, ಮೈನರ್ ಡೇಟಾ ಅನಾಲಿಸಿಸ್.
ಫಾರಂ ತುಂಬಿದ ದಿನ ಗುಲಾಬಿ ಮಾವಶಿ ಕೇಳಿದ್ದಳು:
ಹತ್ತೊಂಬತ್ತು ತುಂಬಿತಲ್ಲೇ ನಿನಗೆ,
ಇನ್ನೂ ಎಂಥಾ ಮೈನರ್?

ನಕ್ಕೆ. ಬಿಡಿಸಿ ಹೇಳಲಿಲ್ಲ.
ನನಗೂ ಆಗ ಗೊತ್ತಿದ್ದದ್ದು ಇಷ್ಟೇ:
ವಾರಕ್ಕೆ ಮೂರು ತಾಸು, ಊಟವಾದ ಮೇಲಿನ ತೂಕಡಿಕೆಯ ಲ್ಯಾಬು,
ಇಬ್ಬರಿಗೊಂದು ಕಂಪ್ಯೂಟರು,
ಕಿಟಕಿಯಾಚೆ ಕಡಲು, ಅದರ ಮೇಲೆ
ಯಾರೋ ಅಳಿಸಲು ಮರೆತ ಗೆರೆಯಂತೆ
ಒಂದು ಬೂದು ಹಡಗು.

ಐರಿನ್ ಮ್ಯಾಡಂ ಹೇಳಿದರು:
ಯಾವುದೋ ದೇಶದ ಹೂವಿನ ಎಸಳು
ಎಷ್ಟುದ್ದ ಎಷ್ಟಗಲ ಎಂಬ ಸಿದ್ಧ ಅಂಕಿ ಸಾಕಿನ್ನು.
ನಿಮ್ಮ ಕಣ್ಣೆದುರು ಎಣಿಸಲು ಏನು ಸಿಗುತ್ತದೋ
ಅದನ್ನು ತನ್ನಿ. ಅರವತ್ತು ದಿನ.

ನಮ್ಮ ಕಣ್ಣೆದುರು ಮೀನಲ್ಲದೆ ಇನ್ನೇನು?
ಬೈತಖೋಲದ ಹರಾಜು ಮುಗಿಸಿ
ಮಾವಶಿ ಪೇಟೆಯಲ್ಲಿ ಬುಟ್ಟಿ ಇಳಿಸುವ ಹೊತ್ತಿಗೆ
ಪಕ್ಕದಲ್ಲಿ ನಾನು, ನೋಟುಪುಸ್ತಕ.
ಕಾಲೇಜಿನ ಗಂಟೆಗೆ ಮುಂಚೆ ಸಿಗುವುದು ಬೋಣಿ ಮಾತ್ರ;
ಇರಲಿ, ಬೋಣಿಯನ್ನೇ ಬರೆದೆ.
ತಾರೀಖು. ಜಾತಿ. ಎಷ್ಟು. ದರ.
ಜಾತಿ ಎಂದದ್ದಕ್ಕೆ ಮಾವಶಿ ಹುಬ್ಬೇರಿಸಿದಳು.
ಮೀನಿನದು ಮಾವಶಿ, ಎಂದೆ.
ಬಂಗಡೆ, ತಾರ್ಲೆ, ಲೆಪ್ಪೆ.

ಮೊದಲ ತೊಡಕು ಕೊಸರಿನದು.
ಹತ್ತು ಬಂಗಡೆ ಎಂದು ನಾನು ಬರೆಯುವುದರೊಳಗೆ
ಹನ್ನೊಂದನೆಯದು ಚೀಲಕ್ಕೆ ಬಿದ್ದಾಗಿತ್ತು.
ಎಲ್ಲರಿಗೂ ಅಲ್ಲ.
ಬಾಣಂತಿ ಇರುವ ಮನೆಗೆ ಒಂದು,
ಚೌಕಾಸಿ ಮಾಡಿ ಮಾಡಿ ತಾವೇ ನಕ್ಕವರಿಗೆ ಒಂದು,
ಕಾರಿನ ಗಾಜು ಇಳಿಸಿ ಬೆರಳಲ್ಲೇ ತೋರಿಸುವವರಿಗೆ ಇಲ್ಲ.
ಹೊಸ ಕಾಲಂ ಎಳೆದೆ. ಕೂಡಿಸಿ ಭಾಗಿಸಿದೆ:
ಸರಾಸರಿ ಕೊಸರು ಸೊನ್ನೆ ದಶಾಂಶ ಏಳು ಮೀನು.
ಅಂದರೆ ತಲೆ ಬಿಟ್ಟೋ, ಬಾಲ ಬಿಟ್ಟೋ?
ಮಾವಶಿ ಕೇಳಿದ್ದು ತಮಾಷೆಗಲ್ಲ.

ಆಮೇಲೆ, ನಲವತ್ತೊಂದನೆಯ ಸಾಲು.
ಬಂಗಡೆ, ಹನ್ನೆರಡು, ಸೊನ್ನೆ ರೂಪಾಯಿ.
ಅಕ್ಷರ ನನ್ನದೇ, ನೆನಪು ಮಾತ್ರ ಇಲ್ಲ.
ಪರದೆಯ ಮೇಲೆ ಚುಕ್ಕಿಗಳೆಲ್ಲ ಒಟ್ಟಿಗೆ ತೇಲುವಾಗ
ಅದೊಂದೇ ತಳ ಕಂಡಿತ್ತು.
ತೆಗೆದುಬಿಡೇ, ಗ್ರಾಫ್ ಚೆಂದ ಆಗ್ತದೆ, ಎಂದಳು
ಪಕ್ಕದ ಕುರ್ಚಿಯ ರುಕ್ಸಾರ್.
ತೆಗೆಯುವ ಮುಂಚೆ ಕೇಳಿ ಬಾ, ಎಂದರು ಮ್ಯಾಡಂ.

ಮಾವಶಿ ಲೆಕ್ಕ ಹಾಕಿದ್ದು ಕ್ಯಾಲೆಂಡರಿನಲ್ಲಿ ಅಲ್ಲ:
ಅವತ್ತೇ ಕಣೇ, ಅಂಕೋಲೆ ಬಸ್ಸಿಂದ ಬುದವಂತಿ ಇಳಿದದ್ದು,
ಕೊರಳ ತುಂಬ ಮಣಿ, ಬುಟ್ಟಿ ತುಂಬ ಕರಿ ಈಶಾಡು.
ಅವಳಿಗೂ ಬೋಣಿ ಆಗಿರಲಿಲ್ಲ, ನನಗೂ ಇಲ್ಲ.
ಹನ್ನೆರಡು ಅತ್ತ ಹೋಯಿತು, ಹನ್ನೆರಡು ಇತ್ತ ಬಂತು.
ನೋಟು ಇಲ್ಲವಲ್ಲ, ಮಾವನ್ನೇ ಕಣ್ಣಿಗೊತ್ತಿಕೊಂಡೆ.
ರಾತ್ರಿ ಮೊಣಕೈವರೆಗೆ ರಸ ಇಳಿಸಿಕೊಂಡು ತಿಂದವಳು ಯಾರು,
ನಿನ್ನ ಕಂಪ್ಯೂಟರೋ?

ಸೊನ್ನೆ ಬೇರೆ, ಖಾಲಿ ಬೇರೆ.
ಸೊನ್ನೆ ಎಂದರೆ, ನೋಡಿದೆ, ಏನೂ ಇರಲಿಲ್ಲ.
ಖಾಲಿ ಎಂದರೆ, ಏನೋ ಇತ್ತು, ನನಗೆ ಬರೆಯಲು ಬರಲಿಲ್ಲ.
ಸೊನ್ನೆ ಅಳಿಸಿದೆ. ಚೌಕ ಬೆಳ್ಳಗಾಯಿತು.
ಅಲ್ಲಿ ಮಾವು ಎಂದು ಹೊಡೆದರೆ ಯಂತ್ರ ಒಪ್ಪಲಿಲ್ಲ,
ಅಂಕಿಯ ಜಾಗದಲ್ಲಿ ಅಕ್ಷರ ಕೂರಬಾರದಂತೆ.
ಕೊನೆಗೆ ಷರಾ ಅಂತ ಒಂದು ಕಾಲಂ, ತೀರ ಬಲಕ್ಕೆ,
ಯಾವ ಗ್ರಾಫೂ ಓದದ ಜಾಗದಲ್ಲಿ.

ಇಪ್ಪತ್ತಕ್ಕೆ ಹದಿನಾರು ಬಂತು.
ಷರಾದ ಕೆಳಗೆ ಪೆನ್ಸಿಲಿನ ಗೆರೆ;
ಮೆಚ್ಚಿದ್ದೋ, ಪ್ರಶ್ನೆಯೋ, ಕೇಳಲಿಲ್ಲ ನಾನು.

ಜೂನ್ ಒಂದು. ಬೋಟುಗಳೆಲ್ಲ ದಡಕ್ಕೆ ಕಟ್ಟಿಕೊಂಡಿವೆ.
ಎರಡು ತಿಂಗಳು ಕಡಲಿಗೆ ರಜೆ,
ಮಾವಶಿ ಒಣಮೀನಿನ ಮುಂದೆ.
ಅಷ್ಟು ದಿನ ಬರೆದೆಯಲ್ಲ, ಏನು ಬಂತು, ಎಂದಳು.
ಬೋಣಿಯ ಸರಾಸರಿ, ಎಂದೆ,
ಬುದವಂತಿಯ ದಿನಕ್ಕೆ ಸೊನ್ನೆ ಇಟ್ಟರೆ ಇನ್ನೂರ ಹತ್ತು;
ಖಾಲಿ ಬಿಟ್ಟರೆ ಇನ್ನೂರ ಹದಿಮೂರು ಚಿಲ್ಲರೆ.

ಒಂದು ಬಂಗಡೆ ಮಗುಚಿ ಹಾಕಿದಳು, ಇನ್ನೊಂದು.
ಇನ್ನೂರ ಹತ್ತು ಅಂತ ನನಗೆ ಗೊತ್ತಿತ್ತು, ಎಂದಳು.
ಮೇಲಿನ ಮೂರು ಚಿಲ್ಲರೆ
ಕೊಸರು ಅಂತ ಬರಕೋ.