ಜಲಪಾತದ ಹಿಂದೆ

ಐದನೇ ಭಾಗದಲ್ಲೂ ಅದೇ ಮುದುಕಿ.
ಕೋಟೆಬಾಗಿಲ ಕಟ್ಟೆಯ ಮೇಲೆ ಕೂತು
ಬತ್ತಿ ಹೊಸೆಯುತ್ತ ಕೇಳುತ್ತಾಳೆ:
"ಯಾಕವ್ವ ಇಷ್ಟು ತಡ?"
ಅವಳ ಭಾಷೆ ಯಾವುದೋ, ನನ್ನ ಕಿವಿಗೆ ಬೀಳುವುದು ಹೀಗೆ.

ಇಂಚರ ಬಟನ್ ಒತ್ತಿ ಮಾತು ಹಾರಿಸುತ್ತಾಳೆ.
ಅಣ್ಣನ ಮಗಳು, ಹನ್ನೆರಡು ವರ್ಷ,
ಮುದುಕಿಯರ ಮಾತು ಹಾರಿಸುವ ವಯಸ್ಸು.
"ತಡಿಯೇ, ಮೊದಲು ಮಡಕೆ ಒಡಿ."
ಕಂಡವರ ಮನೆಗೆ ನುಗ್ಗಿ, ಕೇಳದೆ, ಹೇಳದೆ,
ಸಾಲುಮಡಕೆ ಒಡೆದರೆ ಝಣಝಣ ಚಿಲ್ಲರೆ.
ಮನೆಯವರು ನಗುತ್ತಲೇ ನಿಂತಿರುತ್ತಾರೆ.
ಹಾಸನ–ಅರಸೀಕೆರೆ ರೂಟಿನ ಕಂಡಕ್ಟರ್ ನಾನು;
ಬೆಳಗಿನ ಮೊದಲ ಟ್ರಿಪ್ಪಿಗೇ ಐನೂರರ ನೋಟು ಚಾಚುವವರ ನಡುವೆ
ಇಂಥ ಮಡಕೆ ಒಂದಿದ್ದರೆ ಸಾಕಿತ್ತು.

ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ, ಮೆಟ್ಟಿಲು ಹತ್ತಿ,
ಮುನೀರನ ಅಂಗಡಿ. ಗಂಟೆಗೆ ಹತ್ತು ರೂಪಾಯಿ.
ಹುಡುಗಿ ಅಂತ ನಾನೊಬ್ಬಳೇ.
ಟೈಪಿಂಗ್ ಕ್ಲಾಸಿನ ಫೀಸಿನಲ್ಲಿ ಮೊದಲ ಭಾಗ ಆಡಿದೆ.
ಆಟ ಉಳಿಸಿಡುವ ಕಾರ್ಡು ಅವನ ಹತ್ತಿರ ಇರಲಿಲ್ಲ,
ನನಗೋಸ್ಕರ ಮೂರು ರಾತ್ರಿ ಮಿಷನ್ ಆರಿಸದೆ ಬಿಟ್ಟ.
ಬಿಸಿಯಾಗದಿರಲೆಂದು ಟೇಬಲ್ ಫ್ಯಾನು ತಿರುಗಿಸಿ,
ರಟ್ಟಿನ ಮೇಲೆ ಬರೆದಿಟ್ಟ:
"ಮುಟ್ಟಬೇಡಿ. ಒಳಗೆ ಲಕ್ಷ್ಮಿ ಇದ್ದಾಳೆ."
ಬಂದ ಹುಡುಗರು ಕೈ ಮುಗಿದು ನಕ್ಕರು.
ಮೂರನೆಯ ರಾತ್ರಿ ಕರೆಂಟು ಹೋಯಿತು.

ಜಲಪಾತದ ಹಿಂದಿನ ಗೋಡೆಗೆ ಕತ್ತಿಯಲ್ಲಿ ಮೂರು ಸಲ ಬಡಿದರೆ
ಗುಹೆ, ಗುಹೆಯೊಳಗೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಹಸಿರು ಕಲ್ಲು.
ಅಲ್ಲಿಯವರೆಗೆ ಹೋಗಿದ್ದೆ. ಅಷ್ಟೇ.
ಎರಡು, ಮೂರು, ನಾಲ್ಕು ಯಾವಾಗ ಬಂದವೋ ತಿಳಿಯದು.
ಆ ವರ್ಷಗಳಲ್ಲಿ ನನ್ನನ್ನೇ ಯಾರೋ ಆಡುತ್ತಿದ್ದರು.

ಈಗ ಈ ಹೊಸ ನೀರು. ಎಷ್ಟು ನಿಜ ಅಂದರೆ
ಟೀವಿಯ ಕೆಳಗೆ ಒರೆಸುಬಟ್ಟೆ ಹಾಸೋಣ ಅನಿಸುತ್ತದೆ.
"ಹಿಂದೆ ಹೋಗು. ಗೋಡೆಗೆ ಹೊಡಿ, ಮೂರು ಸಲ."
"ಅತ್ತೆ, ಇದು ಹೊಸ ಗೇಮು."
"ಹೊಡಿಯೇ."

ಗೋಡೆ ತೆರೆಯಿತು.
ಇಂಚರ ತಿರುಗಿ ನನ್ನ ಮುಖ ನೋಡಿದಳು,
ಚೆಕಿಂಗಿನವರನ್ನು ಕಂಡ ಪ್ರಯಾಣಿಕನ ಹಾಗೆ.

ಒಳಗೆ ಪೆಟ್ಟಿಗೆ. ಮುಚ್ಚಳ ಆಗಲೇ ತೆಗೆದಿದೆ.
ಖಾಲಿ. ಪಕ್ಕದಲ್ಲಿ ಒಡೆದ ಮಡಕೆ,
ಚೂರುಗಳ ಮೇಲೆ ಪಾಚಿ.
ಧೂಳಿನಲ್ಲಿ ಪುಟ್ಟ ಹೆಜ್ಜೆಯ ಗುರುತು,
ಒಳಗೆ ಬಂದದ್ದು ಮಾತ್ರ. ಹೊರಗೆ ಹೋದದ್ದಿಲ್ಲ.
"ಛೆ, ಯಾರೋ ಮೊದಲೇ ಬಂದು ತಗೊಂಡವ್ರೆ!"

ನಾನೇ ಕಣೆ, ಅನ್ನಲಿಲ್ಲ.
ಯಾವ ದೇಶದಲ್ಲೋ, ಈ ಗುಹೆ ಕೊರೆದ ಯಾರೋ ಒಬ್ಬರು
ಹತ್ತಿದವರು, ಇಳಿಯದವರು ಎಲ್ಲರ ಲೆಕ್ಕ ಬರೆದಿಟ್ಟಿದ್ದಾರೆ.
ನನ್ನ ಟಿಕೇಟು ಇನ್ನೂ ಚಾಲ್ತಿಯಲ್ಲಿದೆ.

ನಾಳೆ ಐದೂಕಾಲಿಗೆ ಡಿಪೊ. ಹನ್ನೊಂದು ಹೊಡೆದಾಗಿದೆ.
"ಆ ಮುದುಕಿಯ ಹತ್ತಿರ ಒಂದು ಸಲ ವಾಪಸ್ ಹೋಗು."
"ಅವಳೇನೂ ಕೊಡಲ್ಲ ಅತ್ತೆ, ಲೇಟಾಯ್ತು ಅಂತ ಬೈತಾಳೆ ಅಷ್ಟೇ."
"ಹೋಗು.
ಹೇಳು ಅವಳಿಗೆ, ಕರೆಂಟು ಹೋಗಿತ್ತು ಅಂತ."