ಕೊಸರು

ಎರಡು ಹಿಂಜೇಬು ಹೊಲಿದರೆ
ಪ್ಯಾಂಟಿಗೆ ಮೂರು ರೂಪಾಯಿ.
ಅದರ ಲೆಕ್ಕ ನನಗೆ ಗೊತ್ತು.
ಒಂದು ಕೊಲೆ, ಒಬ್ಬಳು ಪೇದೆ,
ಸಿರುಗುಪ್ಪದ ಅಕ್ಕಿ ಗಿರಣಿ, ನೂರಾ ಹನ್ನೆರಡು ಪುಟ,
ಇದಕ್ಕೆಷ್ಟು ಅಂತ ಯಾರನ್ನು ಕೇಳಲಿ?

ಹಾಜರಿ ಪುಸ್ತಕದಲ್ಲಿ ತಿಪ್ಪೇರುದ್ರಮ್ಮ,
ಮುಖಪುಟದ ಮೇಲೆ ಟಿ. ರುದ್ರ.
ನಾಲ್ಕು ಭಾಗ ಬರೆದೆ,
ಕರೆಂಟು ಹೋಗಿ ಮಷೀನುಗಳು ಬಾಯಿ ಮುಚ್ಚಿದಾಗ,
ಉಗುರಿನ ಸಂದಿಯ ನೀಲಿ ಮೊಬೈಲಿಗೂ ಹತ್ತಿಸಿಕೊಂಡು,
ಒಂದೇ ಹೆಬ್ಬೆರಳಿನಲ್ಲಿ.

ಮುಖಪುಟ ಮಾಡಿಕೊಟ್ಟವನು ಕೌಲ್‌ಬಜಾರಿನ
ರೀಚಾರ್ಜ್ ಅಂಗಡಿಯ ಮೈನುದ್ದೀನ್.
ಕತೆಯಲ್ಲಿ ಎಲ್ಲೂ ಪಿಸ್ತೂಲಿಲ್ಲ ಕಣೋ ಅಂದೆ.
ಪಿಸ್ತೂಲಿಲ್ಲದಿದ್ರೆ ಯಾರು ಓದ್ತಾರಕ್ಕಾ ಅಂದ.
ಪಿಸ್ತೂಲಿಟ್ಟೂ ಯಾರೂ ಓದಲಿಲ್ಲ.
ಮೂರು ತಿಂಗಳಿಗೆ ಏಳು ಪ್ರತಿ,
ಅದರಲ್ಲಿ ಎರಡು ನಾನೇ,
ಬರುತ್ತೋ ಇಲ್ಲವೋ ನೋಡೋಣ ಅಂತ.

ಮೊದಲನೇದನ್ನ ಪುಕ್ಕಟೆ ಬಿಡು, ಅಂದ ಅವನೇ,
ಐದು ದಿನ.
ರೇಗಿತು. ಜೇಬು ಹೊಲಿದು ಪುಕ್ಕಟೆ ಕೊಡ್ತೀನಾ?
ಆದರೂ ರಾತ್ರಿ
ಬೆಲೆಯ ಚೌಕದಲ್ಲಿ ನಲವತ್ತೊಂಬತ್ತು ಅಳಿಸಿ
ಸೊನ್ನೆ ಒತ್ತಿದೆ.
ಗುಂಡಿಯೇ ಇಲ್ಲದ ಕಾಜಾದ ಹಾಗೆ
ಬಾಯಿ ತೆರೆದು ಕೂತಿತ್ತು ಅದು.

ಸೋಮವಾರ ಒಂಬತ್ತು.
ಮಂಗಳವಾರ ನಲವತ್ತೊಂದು.
ಬುಧವಾರ ಊಟದ ಹೊತ್ತಿಗೆ ಆರುನೂರು ದಾಟಿ
ಬುತ್ತಿ ಬಿಚ್ಚುವುದನ್ನೇ ಮರೆತೆ.
ಒಯ್ದವರೆಲ್ಲ ಓದುತ್ತಾರಾ?
ಮದುವೆಮನೆಯ ತಾಂಬೂಲದ ತೆಂಗಿನಕಾಯಿ ಎಷ್ಟು
ಮೂಲೆಯಲ್ಲೇ ಕೊಳೆಯುವುದಿಲ್ಲ.

ಒಬ್ಬರು ಬರೆದರು:
ಎರಡನೇದೂ ಪುಕ್ಕಟೆ ಯಾವಾಗ ಬಿಡ್ತೀರಿ ಸಾರ್?
ಇನ್ನೊಬ್ಬರು, ಎರಡು ನಕ್ಷತ್ರ ಕೊಟ್ಟು:
ರಾತ್ರಿ ಹತ್ತೂವರೆಗೆ ಸಿರುಗುಪ್ಪದಿಂದ ಬಸ್ಸೇ ಇಲ್ಲ.
ಇದೆ ಸ್ವಾಮಿ. ಒಂಬತ್ತರದ್ದು.
ಅದರಲ್ಲಿ ನಿಂತುಕೊಂಡು ಬಂದಿದ್ದೇನೆ ನಾನು.

ಎರಡನೇ ಭಾಗ: ಸೊನ್ನೆ.
ಇದು ನಾನು ಒತ್ತಿದ್ದಲ್ಲ.

ಶುಕ್ರವಾರ ಸಂಜೆ, ಬೆಟ್ಟದ ಬಂಡೆ ಇನ್ನೂ
ಹಗಲಿನ ಬಿಸಿ ಉಗುಳುತ್ತಿರುವಾಗ,
ಗಾಳೆಮ್ಮನ ಮುಂದೆ ಚೀಲ ಹಿಡಿದು ನಿಂತೆ.
ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಎಣಿಸುವವಳು,
ಬದನೆ ತೂಗಿದ ಮೇಲೆ ಒಂದೆಳೆ ಕರಿಬೇವು,
ಎರಡೇ ಎರಡು ಹಸಿಮೆಣಸಿನಕಾಯಿ, ಕೊಸರು.
ಇದರಾಗ ನಿನಗೇನು ಗಿಟ್ಟುತ್ತಮ್ಮಾ ಅಂದೆ.
ನೀನು ಗಿಟ್ಟಿದೀಯಲ್ಲ, ಹನ್ನೊಂದು ವರ್ಷದಿಂದ, ಅಂದಳು.

ಅವಳ ಹಿಂದೆ, ಉಳ್ಳಾಗಡ್ಡಿ ಮೂಟೆಗೆ ಒರಗಿ
ಮೊಮ್ಮಗ ಎರ್ರಿಸ್ವಾಮಿ ಮೊಬೈಲಿನಿಂದ ಓದುತ್ತಿದ್ದ,
ಶಾಲೆಯ ರಾಗದಲ್ಲಿ, ಜೋರಾಗಿ:
"ಭತ್ತದ ರಾಶಿಯೊಳಗಿಂದ ಒಂದು ಕೈ,
ಕೈಯಲ್ಲಿ ಗೋದಾಮಿನ ರಶೀದಿ..."
ಒಂದು ಒತ್ತಕ್ಷರದ ಹತ್ತಿರ ಎಡವಿದ.
ಎಡವಬೇಕಾದ್ದೇ, ಅಲ್ಲಿ ತಪ್ಪು ನನ್ನದು.

ತಕ್ಕಡಿ ಗಾಳಿಯಲ್ಲೇ ನಿಂತಿತು.
ಗುಮಾಸ್ತನ್ನ ಕೊಂದಿದ್ದು ಹೆಂಡ್ತಿಯಲ್ಲ ಬಿಡೋ,
ಗಿರಣಿ ಮಾಲೀಕನ ತಮ್ಮ, ಅಂದಳು ಗಾಳೆಮ್ಮ.
ನಾಲ್ಕನೇ ಭಾಗದ ತೊಂಬತ್ತನೇ ಪುಟದವರೆಗೆ
ಉಸಿರು ಬಿಗಿಹಿಡಿದು ಬಚ್ಚಿಟ್ಟಿದ್ದೆ ಅದನ್ನ.
ಆದ್ರೆ ಕೀಲಿ ಅವನ ಕೈಗೆ ಹೆಂಗ್ ಬಂತು?
ಅದನ್ನ ಬರ್ದೇ ಇಲ್ಲ ನೋಡು ಈ ರುದ್ರಪ್ಪ.
ಎರಡನೇದ್ರಾಗ ಐತಂತೆ ಅಜ್ಜಿ,
ನಲ್ವತ್ತೊಂಬತ್ತು ರೂಪಾಯಿ.
ನಲ್ವತ್ತೊಂಬತ್ತಾ!
ಸೊಂಟದ ಸಂಚಿಗೆ ಕೈ ಹೋಯಿತು,
ದಾರ ಸಡಿಲಿಸಿತು,
ಮತ್ತೆ ಬಿಗಿಯಿತು. ನಾಳೆ ನೋಡಾಮು.

ಕೀಲಿ ನನ್ನ ನಾಲಿಗೆ ತುದಿಯಲ್ಲೇ ಇತ್ತು.
ಗುಮಾಸ್ತನ ಮಗಳ ಜಡೆಯ ರಿಬ್ಬನ್ನು...
ನುಂಗಿದೆ.
ನಿಂಗೇನಾಯ್ತೇ, ಬಾಯಾಗ ಏನಿಟ್ಕಂಡೀಯ? ಅಂತ ಬೈದು
ಚೀಲಕ್ಕೆ ಏನೇನೋ ಸುರಿದಳು,
ಕಣ್ಣು ಮಾತ್ರ ಆ ಭತ್ತದ ರಾಶಿಯ ಮೇಲೆ.

ಮನೆಗೆ ಬಂದು ಚೀಲ ಬೋರಲು ಹಾಕಿದೆ.
ಬದನೆ, ಕರಿಬೇವು, ಮೆಣಸಿನಕಾಯಿ.
ಯಾವತ್ತೂ ಎರಡರ ಮೇಲೆ ಹಾಕಿದವಳಲ್ಲ.
ಇವತ್ತು ಒಂಬತ್ತು.
ಗಾಳೆಮ್ಮ ಲೆಕ್ಕ ತಪ್ಪಿದ್ದಾಳೆ.