ಕಾಲು ಮಾತ್ರೆ

ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದರೆ
ಹಿಡಿದು ನಡೆಯಲೆಂದು ಹಿಂದೆಲ್ಲ
ಬೀದಿಯುದ್ದ ಹಗ್ಗ ಕಟ್ಟುತ್ತಿದ್ದರಂತೆ.
ಈಗ ಹಗ್ಗವಿಲ್ಲ, ಗಾಳಿ ಅದೇ.
ಸ್ಕೂಟರುಗಳು ಸಾಲಾಗಿ ಮಗ್ಗುಲಾಗಿವೆ,
ತಿರುವಿನಲ್ಲಿ ಮುರಿದ ಕೊಡೆಗಳ ಗುಡ್ಡೆ.
ಇಡೀ ಊರಿಗಾಗಿ ಕಡಲಿಗೂ ಮಿಗುವಷ್ಟು ಗಾಳಿ;
ಎರಡನೇ ಮಹಡಿಯಲ್ಲಿ
ನೀವೆಸ್ ಕೋಶುತಳ ಬೆಕ್ಕಿಗೆ
ಒಂದು ಗುಟುಕು ಸಾಲದು.

ಬೆಕ್ಕಿನ ಹೆಸರು ರುಜ್ಜಿನೆ. ಹಾಗೆಂದರೆ ತುಕ್ಕು.
ಬಣ್ಣ ನೋಡಿ ಇಟ್ಟದ್ದು,
ಈಗ ಎದೆಯೊಳಗಿನ ಸದ್ದಿಗೂ ಒಪ್ಪುತ್ತದೆ.
ಕತ್ತು ಚಾಚಿ, ನೆಲಕ್ಕೆ ಹೊಟ್ಟೆಯೂರಿ ಕೆಮ್ಮುವಾಗ
ಎಣ್ಣೆ ಕಾಣದ ತಿರುಗಣಿ.

ನೀವೆಸ್ ಗಡಿಯಾರ ರಿಪೇರಿಯವಳು.
ನಲವತ್ತೊಂದು ವರ್ಷ
ಒಂದು ಕಣ್ಣಿಗೆ ಮಸೂರ ಸಿಕ್ಕಿಸಿ ಚಕ್ರ ನೋಡಿದಳು,
ಇನ್ನೊಂದರಲ್ಲಿ ಗಿರಾಕಿಯನ್ನು.
ಪ್ರೆಡ್ನಿಸೊಲೋನ್, ಐದು ಮಿಲಿಗ್ರಾಮ್:
ವಾಚಿನ ಬೆನ್ನು ಬಿಚ್ಚುವ ಅಲಗಿನಿಂದಲೇ
ನಾಲ್ಕಾಗಿ ಸೀಳುತ್ತಾಳೆ.
ಉದುರಿದ ಪುಡಿಯನ್ನು ಬೆರಳಿಗಂಟಿಸಿ ತಾನೇ ನೆಕ್ಕುತ್ತಾಳೆ.
ಅಬ್ಬಾ, ಕಹಿ.
ಬೆಕ್ಕಿನ ಕ್ಷಮೆ ಕೇಳುತ್ತಾಳೆ, ದಿನಾ.

ರಾತ್ರಿ ಅದು ಮಲಗಿದ ಮೇಲೆ
ಸೆಕೆಂಡಿನ ಮುಳ್ಳಿಗೊಂದು ಕಣ್ಣು, ಪಕ್ಕೆಗೊಂದು ಕಣ್ಣು.
ನಿಮಿಷಕ್ಕೆ ಮೂವತ್ತರೊಳಗೆ ಬಂದರೆ ದೀಪ ಆರಿಸು,
ನಲವತ್ತು ದಾಟಿದರೆ ಕೋಟು ತೊಡು.
ಒಳಗೆಳೆದದ್ದು ಲಘು, ಹೊರಗೆ ಬಿಟ್ಟದ್ದು ಗುರು.
ಲಘು. ಗುರು.
ಲಘು. ಗುರುವಿನ ಮೇಲೆ ಮತ್ತೂ ಗುರು.
ಗುಳಿಗೆಗೂ ಮಾತ್ರೆ ಎಂದು,
ಅಕ್ಷರ ನುಡಿಯುವ ಹೊತ್ತಿಗೂ ಮಾತ್ರೆ ಎಂದು
ಒಂದೇ ಹೆಸರಿಟ್ಟ ಭಾಷೆಯೊಂದು ಎಲ್ಲೋ ಇರುವುದು
ಅವಳಿಗೆ ಗೊತ್ತಿಲ್ಲ.
ಎಣಿಸಲು ಬರುತ್ತದೆ, ಸಾಕು.

ಎರಡೇ ವಾರ. ಬೆಕ್ಕು ಬೀರು ಹತ್ತಿತು!
ಬಟ್ಟಲು ಬಟ್ಟಲು ನೀರು ಕುಡಿಯಿತು,
ತಟ್ಟೆ ನೆಕ್ಕಿ, ಕಸದಬುಟ್ಟಿ ಉರುಳಿಸಿ
ಸಾರ್ಡೀನಿನ ಎಣ್ಣೆ ಹತ್ತಿದ ಕಾಗದವನ್ನೂ ಬಿಡಲಿಲ್ಲ.
ಮುಟ್ಟಿದರೆ ಮೂಗು ತಿರುಗಿಸುತ್ತಿದ್ದ ಪ್ರಾಣಿ
ಅಡುಗೆಮನೆಯಲ್ಲಿ ಕಾಲಿಗೆ ಸುತ್ತಿಕೊಂಡಿತು,
ಊಟಕ್ಕೆ ಕೂತರೆ ಮಡಿಲೇರಿತು.
ನೀವೆಸ್ ಮೇಲಿನ ಮನೆಯ ಬ್ರೂನೆಟ್ಟಾಳಿಗೆ ಹೇಳಿದಳು:
ಕೊನೆಗೂ ನನ್ನ ಮೇಲೆ ಪ್ರೀತಿ ಬಂತು ನೋಡು,
ಹನ್ನೊಂದು ವರ್ಷ ಹಿಡಿಯಿತು.

ಒಂದೂವರೆ ವರ್ಷ ಕಳೆದು
ಡಾಕ್ಟರ್ ವಿದಾಲಿ ತೂಕ ನೋಡಿದರು,
ರಕ್ತದ ಚೀಟಿಯನ್ನು ಎರಡು ಸಲ ಓದಿದರು.
ಸಕ್ಕರೆ ಏರುತ್ತಿದೆ. ಚರ್ಮ ತೆಳುವಾಗಿದೆ.
ಈ ಹಸಿವು ಬೆಕ್ಕಿನದ್ದಲ್ಲಮ್ಮ, ಔಷಧಿಯದ್ದು.
ಇನ್ನು ಮೂತಿಗೆ ಮುಖವಾಡ ಹಿಡಿದು ಪಂಪು ಒತ್ತಿ,
ಹತ್ತು ಉಸಿರು ಎಣಿಸಿ.
ಮಾತ್ರೆ ಇಳಿಸೋಣ, ಒಮ್ಮೆಗೇ ನಿಲ್ಲಿಸಬೇಡಿ:
ಹೊರಗಿನಿಂದ ಬರುವುದಕ್ಕೆ ಒಗ್ಗಿ
ಒಳಗಿನ ಗ್ರಂಥಿ ನಿದ್ದೆಹೋಗಿದೆ,
ಅದು ತಾನಾಗಿಯೇ ಏಳಬೇಕು.

ಹಾಗಾದರೆ ಮಡಿಲು?
ಕೇಳಬೇಕೆನಿಸಿತು. ಕೇಳದೆ
ಕೈಚೀಲದಲ್ಲಿ ಚಿಲ್ಲರೆ ಹುಡುಕಿದಳು.

ಕಾಫಿ ಕಂಪನಿಯ ಕ್ಯಾಲೆಂಡರಿನಲ್ಲಿ
ದಿನಕ್ಕೊಂದು ಕಾಲು, ಆಮೇಲೆ ದಿನ ಬಿಟ್ಟು ದಿನ,
ಆಮೇಲೆ ಸೋಮವಾರ, ಗುರುವಾರ.
ಒಂದೊಂದು ಖಾಲಿ ಚೌಕಕ್ಕೂ
ಬೆಕ್ಕು ಒಂದೊಂದು ಮೆಟ್ಟಿಲು ಇಳಿದು
ತನ್ನ ಹಳೇ ಬಿಗುಮಾನಕ್ಕೆ ಮರಳಿತು.
ತಟ್ಟೆಯಲ್ಲಿ ಅರ್ಧ ಬಿಟ್ಟಿತು.
ಕರೆದರೆ ಒಂದು ಕಿವಿ ತಿರುಗಿಸಿತು.
ಡಾಕ್ಟರಿಗೆ ಖುಷಿಯೋ ಖುಷಿ.

ಇವತ್ತು ಬುಧವಾರ. ಚೌಕ ಖಾಲಿ.
ಬೋರಾ ಕಿಟಕಿಯ ಕೀಲುಗಳನ್ನೆಲ್ಲ ವಿಚಾರಿಸುತ್ತಿದೆ.
ನೀವೆಸ್ ಮಡಿಲ ಮೇಲೆ ಕಂಬಳಿ ಹರಡಿ ಕೂತಿದ್ದಾಳೆ,
ಕರೆಯುವುದಿಲ್ಲ,
ಮೀನಿನ ಡಬ್ಬಿ ಸದ್ದು ಮಾಡುವುದಿಲ್ಲ, ಅದು ಮೋಸ.
ಕೋಣೆಯ ಆಚೆ ತುದಿಯಲ್ಲಿ, ಹೀಟರಿನ ಪಕ್ಕ
ರುಜ್ಜಿನೆ, ಇತ್ತ ಬೆನ್ನು ಮಾಡಿ.
ಇಷ್ಟು ದೂರಕ್ಕೆ ಪಕ್ಕೆ ಕಾಣದು,
ಮಸೂರ ದೂರದ ಕೆಲಸಕ್ಕೆ ಬಾರದು.
ಎಣಿಸಬೇಕಾದರೆ ಹತ್ತಿರ ಹೋಗಬೇಕು;
ಹತ್ತಿರ ಹೋದರೆ ಎದ್ದುಹೋಗುತ್ತದೆ.

ಇಪ್ಪತ್ತೇಳು, ಎಂದು ಬರೆದುಕೊಳ್ಳುತ್ತಾಳೆ,
ಅಂದಾಜು.